ಕಿವಿಯಕ್ಕ

ಮೇಷ್ಟ್ರ ಬಾಯಿಂದ ಮಾತು ಉದುರುವ ಮೊದಲೇ ಅವಳು ಅದನ್ನು ಪಕ್ಕದ ಕಿವಿಗೆ ಹಾಕಿ ಮುಗಿಸಿದ್ದಳು.

"ಈಗ ಬರ್ನರ್ ಹಚ್ತಾರೆ. ನೀರು ಕುದಿಯುತ್ತೆ. ಅರ್ಧ ಖಾಲಿಯಾದ ಮೇಲೆ, ಈ ನೀರನ್ನ ಕದ್ದವರು ಯಾರು ಅಂತ ಕೇಳ್ತಾರೆ. ಅದು ಜೋಕು. ಆಗ ನಗು, ಈಗ್ಲೇ ಬೇಡ."

ಮೇಷ್ಟ್ರು ಬರ್ನರ್ ಹಚ್ಚಿದರು. ನೀರು ಕುದಿಯಿತು. ಬೀಕರನ್ನು ಇಕ್ಕಳದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, "ಈ ನೀರನ್ನು ಕದ್ದವರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ತರಗತಿ ಗೊಳ್ಳೆಂದಿತು. ಅವಳ ಪಕ್ಕದ ಹುಡುಗಿ ಮಾತ್ರ ನಗಲಿಲ್ಲ.

"ನಗೇ," ಎಂದಳು ಅವಳು, ತುಟಿ ಅಲ್ಲಾಡಿಸದೆ.

"ಹಳೇ ಜೋಕು," ಎಂದಳು ಹುಡುಗಿ.

ಹಳೆಯದೇ. ನಿನ್ನೆ ಪಕ್ಕದ ವಿಭಾಗದಲ್ಲಿ ಇದೇ ಪಾಠ, ಇದೇ ಬೀಕರು, ಇದೇ ಜೋಕು. ಅಲ್ಲಿಯೂ ಅವಳೇ ಇಬ್ಬರು ಅವಳಿ ಹುಡುಗರ ನಡುವೆ ಕುಳಿತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗಿ ಉಸುರಿ ಬಂದಿದ್ದಳು. ಅವಳ ಕೆಲಸವೇ ಅದು. ಆ ಸರ್ಕಾರಿ ಶಾಲೆಗೆ ಇಂಗ್ಲಿಷ್ ಬಾರದೆ ಬಂದು ಸೇರಿದ ಮಕ್ಕಳಲ್ಲಿ ತನ್ನ ಮಾತಿನವರು ಯಾರಿದ್ದಾರೋ ಅವರ ಪಕ್ಕದಲ್ಲಿ ಕೂರುವುದು. ಪಾಠವನ್ನು ಅವರ ಕಿವಿಗೆ ಕನ್ನಡದಲ್ಲಿ ಹಾಕುವುದು. ಅವರು ಕನ್ನಡದಲ್ಲಿ ಗೊಣಗಿದ ಉತ್ತರವನ್ನು ತಾನು ಎದ್ದು ನಿಂತು ಇಂಗ್ಲಿಷಿನಲ್ಲಿ ತರಗತಿಗೆ ಹೇಳುವುದು. ನೇಮಕದ ಆದೇಶದಲ್ಲಿ ಭಾಷಾ ಸಹಾಯಕಿ ಎಂದಿತ್ತು. ಅವಳಿಗಳು ಇಟ್ಟ ಹೆಸರು ಕಿವಿಯಕ್ಕ, ಆ ಹೆಸರೇ ನಿಂತಿತು.

ಕಿವಿಯಕ್ಕ ಕೂತಲ್ಲಿ ಕೂರುವ ಜಾಯಮಾನದವಳಲ್ಲ. ಕುರ್ಚಿಯ ಅಂಚಿನಲ್ಲೇ ಇರುತ್ತಾಳೆ, ಬಸ್ಸು ಬಂದರೆ ಎದ್ದು ಓಡಬೇಕು ಎಂಬಂತೆ. ವಿಜ್ಞಾನದ ಶಿಕ್ಷಕಿಯಾಗಬೇಕೆಂದು ತರಬೇತಿಗೆ ಸೇರಿದ್ದಳು. ಮನೆಯವರು ಊರು ಬಿಟ್ಟಾಗ ಅದೂ ನಡುವೆ ನಿಂತಿತು. ಎಲ್ಲರೂ ಇಂಗ್ಲಿಷೇ ಆಡುವ ಈ ಹೊಸ ಊರಿನಲ್ಲಿ ಸಿಕ್ಕಿದ್ದು ಈ ಅರ್ಧ ದಿನದ ಕೆಲಸ. ಊಟದ ಗಂಟೆ ಹೊಡೆದರೆ ಅವಳ ಪಾಲಿಗೆ ಶಾಲೆ ಮುಗಿಯಿತು. ಆದರೂ ಅವಳು ಹೊರಡುವುದಿಲ್ಲ. ಕಾರಿಡಾರಿನಲ್ಲಿ ಸೂಚನಾ ಫಲಕದ ಪಿನ್ನುಗಳನ್ನು ನೆಟ್ಟಗೆ ಮಾಡುತ್ತಾ, ಪ್ರಯೋಗಾಲಯದ ಬಾಗಿಲ ಗಾಜಿಗೆ ಆಗಾಗ ಮೂಗು ಒತ್ತುತ್ತಾ, ಯಾರಾದರೂ ಕರೆದಾರೆಂದು ಸುಳಿದಾಡುತ್ತಾಳೆ.

ಪಕ್ಕದ ಹುಡುಗಿಯನ್ನು ಮನೆಯಲ್ಲಿ ಕರೆಯುವುದು ಪೊಟ್ಟಣ ಎಂದು. ಹುಟ್ಟಿದಾಗ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಬೆಂಕಿಪೊಟ್ಟಣದಷ್ಟೇ ಇದ್ದಳಂತೆ. ಹದಿಮೂರಾದರೂ ಮೈ ಅಷ್ಟಕ್ಕಷ್ಟೆ. ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ತಾಯಿಗೆ ಕೆಲಸ. ಒದ್ದೆ ಹೊದಿಕೆಗಳ ರಾಶಿಯ ನಡುವೆ ಬೆಳೆದ ಮಗು. ಒಂದೂವರೆ ವರ್ಷದಿಂದ ಈ ಶಾಲೆಯಲ್ಲಿದ್ದಾಳೆ, ತರಗತಿಯಲ್ಲಿ ಇದುವರೆಗೂ ಒಂದು ವಾಕ್ಯ ಇಂಗ್ಲಿಷ್ ಆಡಿದ್ದಿಲ್ಲ.

"ನೀರು ಬೇಗ ಆವಿಯಾಗಬೇಕಾದರೆ ಏನು ಬೇಕು?" ಮೇಷ್ಟ್ರು ಮುಂದಿನ ಪ್ರಶ್ನೆ ಎಸೆದರು.

"ಶಾಖ!" ಎಂದಿತು ಇಡೀ ತರಗತಿ.

"ಬಿಸಿ ಇದ್ರೂ ಗಾಳಿ ಆಡ್ದಿದ್ರೆ ಒಣಗಲ್ಲ," ಎಂದು ಪೊಟ್ಟಣ ಬೆಂಚಿಗೆ ಹೇಳಿದಂತೆ ಗೊಣಗಿದಳು.

ಅಷ್ಟೇ ಸಾಕಾಯಿತು. ಕಿವಿಯಕ್ಕ ಎದ್ದು ನಿಂತಳು. ಬರೀ ಶಾಖ ಸಾಲದೆಂದು ಈ ವಿದ್ಯಾರ್ಥಿನಿ ಅಭಿಪ್ರಾಯಪಡುತ್ತಾಳೆ. ಮುಚ್ಚಿದ ಜಾಗದಲ್ಲಿ ಗಾಳಿ ಬೇಗನೆ ತೇವದಿಂದ ತುಂಬಿಹೋಗುವುದರಿಂದ ಅದು ಮತ್ತಷ್ಟು ನೀರನ್ನು ಹೀರಲಾರದು. ಆ ಗಾಳಿಯನ್ನು ಸರಿಸಿ ಒಣ ಗಾಳಿ ಬರುವಂತೆ ಮಾಡಿದರೆ ಕಡಿಮೆ ಬಿಸಿಯಲ್ಲೂ ಬಟ್ಟೆ ಬೇಗ ಒಣಗುತ್ತದೆಂಬುದನ್ನು ಅವಳು ತಾಯಿಯ ಕಾರ್ಖಾನೆಯಲ್ಲಿ ಗಮನಿಸಿದ್ದಾಳೆ. ಇದನ್ನು ಎರಡು ಬಟ್ಟೆ ತುಂಡುಗಳಿಂದ ಪರೀಕ್ಷಿಸಬಹುದೆಂದು ಸೂಚಿಸುತ್ತಾಳೆ. ಇಂಗ್ಲಿಷ್ ಸುರಿಮಳೆಯಾಗಿ ಸುರಿಯಿತು. ಅಂಗೈಗಳು ಗಾಳಿಯಲ್ಲಿ ಬಟ್ಟೆ ಹರವಿದವು.

ಮೇಷ್ಟ್ರು ಬೀಕರು ಕೆಳಗಿಟ್ಟರು. "ಇಷ್ಟನ್ನೂ ಅವಳೇ ಹೇಳಿದಳೇ?"

"ಸಾರಾಂಶದಲ್ಲಿ," ಎಂದಳು ಕಿವಿಯಕ್ಕ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪೊಟ್ಟಣ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು.

*

ತರಗತಿ ಬಿಟ್ಟ ಮೇಲೆ ಮೇಷ್ಟ್ರು ಕಿವಿಯಕ್ಕನನ್ನು ತಡೆದು ನಿಲ್ಲಿಸಿದರು. ಮುಂದಿನ ಟರ್ಮಿನಿಂದ ವಿಜ್ಞಾನಕ್ಕೆ ಒಂದು ಮುಂದುವರಿದ ತರಗತಿ ಶುರುವಾಗುತ್ತಿತ್ತು. ಆಯ್ದ ಕೆಲವೇ ಮಕ್ಕಳು, ಮಧ್ಯಾಹ್ನವೆಲ್ಲ ಪ್ರಯೋಗಾಲಯ. ಅದರಲ್ಲಿ ಓದಿದವರಿಗೆ ಮುಂದೆ ವಿಜ್ಞಾನದ ಪ್ರೌಢಶಾಲೆಯ ದಾರಿ ಸಲೀಸು. ಪೊಟ್ಟಣನ ಹೆಸರನ್ನು ತಾವು ಸೂಚಿಸುವುದಾಗಿ ಮೇಷ್ಟ್ರು ಹೇಳಿದರು. ಶುಕ್ರವಾರ ಆಯ್ಕೆ. ಹುಡುಗಿ ಒಂದು ಪ್ರಯೋಗ ಮಾಡಿ ಅದನ್ನು ವಿವರಿಸಬೇಕು, ಅಷ್ಟೆ. ಇಂಗ್ಲಿಷ್ ಬಾರದವರಿಗೆಂದೇ ಇದ್ದ ಬೆಂಬಲ ಕೊಠಡಿಯ ಮಕ್ಕಳಲ್ಲಿ ಯಾರೂ ಇದುವರೆಗೆ ಅಲ್ಲಿಯವರೆಗೆ ಹೋದದ್ದಿಲ್ಲ.

ಕಿವಿಯಕ್ಕ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬೆಂಬಲ ಕೊಠಡಿಗೆ ನುಗ್ಗಿದಳು. ಹಿಂದೆ ಭೂಪಟಗಳನ್ನು ತುಂಬಿಡುತ್ತಿದ್ದ, ಮೆಟ್ಟಿಲ ಕೆಳಗಿನ ಕೋಣೆ ಅದು. ಒಳಗೆ ಹೋಗುವಾಗ ಎತ್ತರದವರು ತಲೆ ತಗ್ಗಿಸಬೇಕು. ಬಾಗಿಲಿಗೆ, ಕಿಟಕಿಗೆ, ಕಸದ ಬುಟ್ಟಿಗೆ, ಎಲ್ಲದಕ್ಕೂ ಇಂಗ್ಲಿಷ್ ಹೆಸರಿನ ಚೀಟಿ ಅಂಟಿಸಿತ್ತು. ಚೀಟಿ ಇಲ್ಲದೆ ಅಲ್ಲಿದ್ದದ್ದು ಬೆಂಬಲ ಕೊಠಡಿಯ ಮೇಡಂ ಒಬ್ಬರೇ. ಅವರಿಗೆ ಮಂಡಿನೋವು. ಆದ್ದರಿಂದ ಶಾಲೆಯೇ ಅವರ ಬಳಿಗೆ ಬರಬೇಕು.

"ಗೊತ್ತು," ಎಂದರು ಮೇಡಂ. ಅವರದು ಬೇರೆಯೇ ಮನೆಮಾತು. ಇವಳೊಡನೆ ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. "ಕೂತ್ಕೋ. ಒಂದು ನಿಮಿಷ ಕೂತರೆ ನೆಲ ಕುಸಿಯಲ್ಲ."

ಅವಳು ಕುರ್ಚಿಯ ಅಂಚಿಗೆ ಆತುಕೊಂಡಳು.

"ಅವಳು ಆ ತರಗತಿಗೆ ಹೋದರೆ ಅವಳ ಜೊತೆ ಸಹಾಯಕಿಯೂ ಮಧ್ಯಾಹ್ನ ಇರಬೇಕಾಗುತ್ತೆ. ನಿನ್ನ ಕೆಲಸ ಪೂರ್ತಿ ದಿನದ್ದಾಗುತ್ತೆ. ಅದೂ ಪ್ರಯೋಗಾಲಯದಲ್ಲಿ."

ಕಿವಿಯಕ್ಕನ ಕಾಲು ತಾನಾಗಿ ಕುಣಿಯತೊಡಗಿತು.

"ಕುಣೀಬೇಡ. ಒಂದು ಕೇಳ್ತೀನಿ, ನಿಜ ಹೇಳು. ನೀನು ಆ ಹುಡುಗಿ ಮಾತನ್ನ ದಾಟಿಸ್ತೀಯೋ, ಇಲ್ಲ ಸಿಂಗಾರ ಮಾಡಿ ಕಳಿಸ್ತೀಯೋ?"

"ಸ್ವಲ್ಪ…"

"ಮೇಷ್ಟ್ರು ಹೊಗಳೋ ರೀತಿ ನೋಡಿದರೆ ಮದುಮಗಳ ಅಲಂಕಾರವೇ ಆಗಿದೆ."

"ಅವಳ ತಲೇಲಿ ಇರೋದನ್ನೇ ನಾನು ಹೇಳೋದು ಮೇಡಂ. ಅವಳು ಎರಡು ಮಾತಲ್ಲಿ ಮುಗಿಸಿಬಿಡ್ತಾಳೆ. ಆ ಎರಡನ್ನೇ ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ ಅವಳೇನು ಅಂತ?"

ಮೇಡಂ ಉತ್ತರ ಕೊಡದೆ ಮಂಡಿ ನೀವಿಕೊಂಡರು. ಆ ಮೌನವನ್ನು ಕಿವಿಯಕ್ಕ ಒಪ್ಪಿಗೆಯೆಂದು ತನಗೆ ಬೇಕಾದಂತೆ ಅನುವಾದಿಸಿಕೊಂಡು ಎದ್ದಳು.

ಮನೆಯಲ್ಲಿ ಅಂದು ಸಂಜೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳಿದ್ದದ್ದು ಅಕ್ಕ ಭಾವನ ಜೊತೆ. ಪೊಟ್ಟಣನ ಭಾಷಣವನ್ನು ತಾನೇ ಬರೆದಳು, ಹೊಡೆದು ಹಾಕಿದಳು, ಅಡಿಗೆಮನೆಗೂ ಹಜಾರಕ್ಕೂ ಓಡಾಡುತ್ತಾ ಗಟ್ಟಿಯಾಗಿ ಓದಿದಳು.

"ಅದು ಆ ಮಗು ಹೇಳೋದಾ, ನೀನು ಹೇಳೋದಾ?" ಎಂದಳು ಅಕ್ಕ.

"ಅವಳು ಹೇಳೋದು. ನಾನು ಬರೀ—"

"ಬರೀ ಕಿವಿ. ಗೊತ್ತಾಯ್ತು. ಆದ್ರೆ ಈ ಕಿವಿಗೆ ಬಾಯಿ ಬಂದು ಬಹಳ ದಿನ ಆಯ್ತು ಕಣೇ."

"ಸುಮ್ನಿರೇ, ಅವಳಿಗ್ಯಾಕೆ—" ಎಂದು ಭಾವ ನಡುವೆ ಬಾಯಿ ಹಾಕಿದ.

"ತೊಂದ್ರೆ ಕೊಡ್ತೀಯಾ ಅಂತ ತಾನೇ ಭಾವ? ಹೇಳಿ ಅವಳಿಗೆ," ಎಂದಳು ಕಿವಿಯಕ್ಕ.

ಭಾವ ತಲೆಯ ಮೇಲೆ ಕೈ ಹೊತ್ತ. "ನಿನ್ನ ಮುಂದೆ ಕೆಮ್ಮೋಕೂ ಭಯ ಆಗುತ್ತೆ ತಾಯಿ. ಅರ್ಧ ಕೆಮ್ಮಿದ್ರೆ ಉಳಿದರ್ಧ ನೀನೇ ಕೆಮ್ತೀಯ."

ಅಕ್ಕ ಬಿದ್ದು ಬಿದ್ದು ನಕ್ಕಳು. ಕಿವಿಯಕ್ಕನೂ ನಕ್ಕಳು. ನಗುತ್ತಲೇ ಮತ್ತೊಂದು ಸಾಲು ಸೇರಿಸಿದಳು.

*

ಗುರುವಾರ ಸಂಜೆ ಅವಳು ಪೊಟ್ಟಣನ ಮನೆಗೆ ಹೋದಳು. ಆಯ್ಕೆಯೆಂದರೇನೆಂದು ತಾಯಿಗೆ ತಿಳಿಸಬೇಕಿತ್ತು. ಭಾಷಣವನ್ನು ಹುಡುಗಿಯಿಂದ ಒಮ್ಮೆ ಹೇಳಿಸಬೇಕಿತ್ತು. ಟಯರ್ ಅಂಗಡಿಯ ಮೇಲೆ ಕಡಿದಾದ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲೇ ಅಡಿಗೆಮನೆ. ಬಾಗಿಲು ತೆರೆದೇ ಇತ್ತು. ನೆಲವೆಲ್ಲ ನೀರು. ಪೊಟ್ಟಣ ಬಕೆಟ್ ಹಿಡಿದು ನಿಂತಿದ್ದಳು. ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನೆಲ ಒರೆಸುತ್ತಿದ್ದಳು. ಸಿಂಕಿನ ಕೆಳಗಿನ ಕಪಾಟಿನಿಂದ ಗಂಡಸಿನ ಎರಡು ಕಾಲುಗಳು ಹೊರಗೆ ಚಾಚಿದ್ದವು.

"ಬನ್ನಿ ಟೀಚರಮ್ಮ, ಹುಷಾರು, ಜಾರುತ್ತೆ," ಎಂದಳು ತಾಯಿ. "ನಲ್ಲಿ ರಿಪೇರಿ. ಹದಿನೈದು ದಿನದ ಹಿಂದೆ ಇದೇ ಮಹಾಶಯ ಬಂದು ಸರಿ ಮಾಡಿ ಹೋಗಿದ್ದ."

ಕಾಲುಗಳು ಮಾತಾಡಿದವು. ಶೀತ ಹಿಡಿದ, ಕಟ್ಟಿದ ಮೂಗಿನ ಇಂಗ್ಲಿಷು. ನಿಮ್ಮಮ್ಮನಿಗೆ ಹೇಳು, ನಲ್ಲಿಯ ಕತ್ತು ಹಿಸುಕಿದ ಹಾಗೆ ತಿರುಚುತ್ತಾಳೆ, ಹಾಳಾಗದೆ ಇನ್ನೇನಾಗುತ್ತೆ.

ಕಿವಿಯಕ್ಕ ಬಾಯಿ ತೆರೆದಳು. ಸ್ವಲ್ಪ ನಿಧಾನವಾಗಿ ತಿರುಗಿಸಬೇಕಂತೆ ಎಂದು ಹೇಳಿದರೆ ಸಾಕು. ಅಷ್ಟರಲ್ಲಿ ಪೊಟ್ಟಣ ಬಕೆಟ್ ಕೆಳಗಿಡದೆಯೇ, "ನೀನು ನಲ್ಲಿ ಕತ್ತು ಹಿಸುಕ್ತೀಯಂತೆ," ಎಂದಳು.

"ಹೌದಾ? ಇವನು ಮಾಡಿದ ರಿಪೇರಿ ಇವನ ಮೂಗಿನ ಹಾಗೇ ಇದೆ, ಒರೆಸಿದಷ್ಟೂ ಸೋರುತ್ತೆ ಅಂತ ಹೇಳು."

ಕಿವಿಯಕ್ಕನ ತಲೆಯಲ್ಲಿ ಆಗಲೇ ಒಂದು ವಿನಯದ ವಾಕ್ಯ ಸಿದ್ಧವಾಗಿತ್ತು: ಕಳೆದ ಬಾರಿಯ ದುರಸ್ತಿ ಸಮರ್ಪಕವಾಗಿರಲಿಲ್ಲವೆಂದು ಇವರು ವಿಷಾದಿಸುತ್ತಾರೆ. ಅದು ಗಂಟಲಿನಿಂದ ಹೊರಡುವ ಮೊದಲೇ ಪೊಟ್ಟಣ ಕಪಾಟಿನ ಕಡೆ ಬಾಗಿದಳು.

"ಯುವರ್ ರಿಪೇರ್, ಯುವರ್ ನೋಸ್, ಸೇಮ್. ವೈಪ್, ವೈಪ್, ಸ್ಟಿಲ್ ಕಮಿಂಗ್. ಮೈ ಮದರ್ ಸೇಯಿಂಗ್."

ಕಾಲುಗಳು ಸ್ತಬ್ಧವಾದವು. ಆಮೇಲೆ ಕಪಾಟಿನೊಳಗಿಂದ ದೊಡ್ಡ ನಗು, ಅದರ ಹಿಂದೆಯೇ ತಲೆ ಕೊಳವೆಗೆ ಬಡಿದ ಸದ್ದು. ರಿಪೇರಿಯವನು ಹೊರಗೆ ತೆವಳಿ ಬಂದು, ಹಣೆ ಉಜ್ಜಿಕೊಂಡು, ತಾಯಿಯ ಕಡೆ ನೋಡಿ ಕೈ ಮೇಲೆತ್ತಿದ. ಸೋತೆ ಎಂದು. ಚೀಲದಿಂದ ಹೊಸ ವಾಷರ್ ತೆಗೆದು ಹಾಕಿ, ನಲ್ಲಿಯನ್ನು ಪೊಟ್ಟಣನ ಕೈಯಲ್ಲೇ ತಿರುಗಿಸಿ ತೋರಿಸಿ ಹೋದ. ಹನಿಯೂ ತೊಟ್ಟಿಕ್ಕಲಿಲ್ಲ.

"ಇವಳು ಇಂಗ್ಲಿಷ್ ಮಾತಾಡ್ತಾಳೆ!" ಎಂದಳು ಕಿವಿಯಕ್ಕ.

ತಾಯಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು. "ಯಾಕೆ, ಸ್ಕೂಲಲ್ಲಿ ಮಾತಾಡಲ್ವಾ? ಮನೆ ಓನರ್ ಹತ್ರ ಇವಳೇ, ಡಾಕ್ಟ್ರ ಹತ್ರ ಇವಳೇ. ನನ್ನ ಸೂಪರ್‌ವೈಸರ್ ಫೋನ್ ಮಾಡಿದ್ರೂ ಇವಳೇ. ಇವಳ ಬಾಯಿಗೆ ಬೀಗ ಹಾಕೋಕೆ ಇನ್ನೂ ಕೀಲಿ ಮಾಡಿಲ್ಲ ಯಾರೂ."

ಪೊಟ್ಟಣ ಬಕೆಟಿನ ನೀರನ್ನು ಚೆಲ್ಲಲು ಒಳಗೆ ಹೋದಳು.

ತಾಯಿಗೆ ರಾತ್ರಿ ಪಾಳಿ ಇತ್ತು. ಆಯ್ಕೆಯ ವಿಷಯವನ್ನು ಕಿವಿಯಕ್ಕ ಹೇಳುತ್ತಿದ್ದಂತೆ ಅವಳು ಚಪ್ಪಲಿ ಹುಡುಕುತ್ತಾ, ಡಬ್ಬಿ ಕಟ್ಟುತ್ತಾ, ಹೂಂಗುಟ್ಟುತ್ತಾ ಕೇಳಿಸಿಕೊಂಡಳು. ಕೊನೆಗೆ ಬಾಗಿಲಲ್ಲಿ ನಿಂತು, "ಒಳ್ಳೇದಾ ಅದು, ಟೀಚರಮ್ಮ?" ಎಂದಳು.

"ಬಹಳ ಒಳ್ಳೇದು. ಇವಳ ದಿಕ್ಕೇ ಬದಲಾಗುತ್ತೆ."

"ಹಾಗಾದ್ರೆ ಆಗ್ಲಿ. ನಾನಂತೂ ಜೀವಮಾನ ಎಲ್ಲಾ ಬೇರೆಯವರ ಹೊದಿಕೆ ಮಡಿಸಿದ್ದಾಯ್ತು." ಮಗಳ ಕೆನ್ನೆ ಹಿಂಡಿ ಮೆಟ್ಟಿಲಿಳಿದಳು.

ಕಿವಿಯಕ್ಕನೂ ಪೊಟ್ಟಣನೂ ಮೇಲಿನ ಮೆಟ್ಟಿಲಲ್ಲಿ ಕುಳಿತರು. ಕೆಳಗೆ ಅಂಗಡಿಯವನು ಟಯರಿಗೆ ಗಾಳಿ ತುಂಬುತ್ತಿದ್ದ. ಯಂತ್ರ ಬುಸುಗುಟ್ಟಿ ನಿಲ್ಲುತ್ತಿತ್ತು, ಮತ್ತೆ ಬುಸುಗುಟ್ಟುತ್ತಿತ್ತು.

"ಕ್ಲಾಸಲ್ಲಿ ಯಾಕೆ ಮಾತಾಡಲ್ಲ ನೀನು?"

"ಕ್ಲಾಸಲ್ಲಿ ನೀವು ಮಾತಾಡ್ತೀರಲ್ಲ."

"ನಿಂಗೋಸ್ಕರ ಕಣೇ."

"ನಾನು ಗಾಳಿ ಆಡ್ದಿದ್ರೆ ಒಣಗಲ್ಲ ಅಂದೆ. ನೀವು ಎರಡು ಬಟ್ಟೆ ತಂದ್ರಿ, ಕಾರ್ಖಾನೆ ತಂದ್ರಿ. ನಾನು ಸೂಚಿಸ್ತೀನಿ ಅಂದ್ರಿ. ನಾನು ಯಾವಾಗ ಸೂಚಿಸ್ದೆ?"

ಹುಡುಗಿಗೆ ಎಲ್ಲವೂ ಅರ್ಥವಾಗಿತ್ತು. ಅಂದೂ, ಅದಕ್ಕೂ ಹಿಂದೆಯೂ. ಮಾತು ತಿರುಗಿಸಲೆಂದು ಕಿವಿಯಕ್ಕ ಚೀಲದಿಂದ ಭಾಷಣದ ಹಾಳೆ ತೆಗೆದು ಕೊಟ್ಟಳು. ಪೊಟ್ಟಣ ಮೇಲಿಂದ ಕೆಳಗೆ ಕಣ್ಣಾಡಿಸಿದಳು.

"ಇದ್ರಲ್ಲಿ ನಾನು ಹೇಳಿದ್ದು ಎಲ್ಲಿದೆ?"

"ಮಧ್ಯದಲ್ಲಿ ನೋಡು. ಇಗೋ, ಈ ಸಾಲು."

"ಒಂದೇ ಸಾಲಾ?"

"ಅದನ್ನೇ ಬೆಳೆಸಿದ್ದೀನಿ. ಸುಂದರವಾಗಿದೆ, ಓದಿ ನೋಡು."

ಪೊಟ್ಟಣ ಓದಲಿಲ್ಲ. "ಹಿಂದಿನ ಬೆಂಚಿನ ಹುಡುಗ್ರು ಒಂದು ಆಟ ಆಡ್ತಾರೆ, ಗೊತ್ತಾ ನಿಮ್ಗೆ? ಒಬ್ಬ ಇನ್ನೊಬ್ಬನ ತೊಡೆ ಮೇಲೆ ಕೂರ್ತಾನೆ. ಕೆಳಗಿರೋನು ಮಾತಾಡ್ತಾನೆ. ಮೇಲಿರೋನು ಬರೀ ದವಡೆ ಆಡಿಸ್ತಾನೆ, ಗೊಂಬೆ ಥರ. ನಾನು ಊಟದ ಹಾಲಿಗೆ ಹೋದಾಗೆಲ್ಲಾ ಆಡ್ತಾರೆ."

ಊಟದ ಗಂಟೆಯ ನಂತರ ಕಿವಿಯಕ್ಕ ಪ್ರಯೋಗಾಲಯದ ಗಾಜಿಗೆ ಮೂಗೊತ್ತಿ ನಿಂತಿರುತ್ತಿದ್ದಳು. ಊಟದ ಹಾಲಿನ ಕಡೆ ಅವಳು ಹೋದವಳೇ ಅಲ್ಲ.

"ಯಾರವರು? ಹೆಸರು ಹೇಳು. ನಾಳೆನೇ ಹೋಗಿ ನಾನು—"

"ನೀವು ಹೋಗಿ ಮಾತಾಡಿದ್ರೆ ಇನ್ನೊಂದು ಆಟ ಶುರು ಮಾಡ್ತಾರೆ."

ಯಂತ್ರ ಬುಸುಗುಟ್ಟಿತು. ಪೊಟ್ಟಣ ಹಾಳೆಯನ್ನು ಮಡಿಸಿ ವಾಪಸು ಕೊಟ್ಟಳು. ತಾಯಿ ಹೊದಿಕೆ ಮಡಿಸುವಂತೆ, ಅಂಚಿಗೆ ಅಂಚು ಸೇರಿಸಿ.

"ನಾಳೆ ನಾನೇ ಹೇಳ್ತೀನಿ. ನಂಗೆ ಆ ಕ್ಲಾಸು ಬೇಕು. ಅಲ್ಲಿ ದೊಡ್ಡ ಫ್ಯಾನ್ ಇರೋ ಪೆಟ್ಟಿಗೆ ಇದೆ, ಬಾಗಿಲಿಂದ ನೋಡಿದ್ದೀನಿ. ಆದ್ರೆ ನಾನೇ ಹೇಳ್ಬೇಕು."

"ತಪ್ಪಾದ್ರೆ?"

"ತಪ್ಪಾಗುತ್ತೆ."

"ನಡುವೆ ನಿಂತೋದ್ರೆ?"

"ನಿಂತ್ಕೋತೀನಿ. ಆಮೇಲೆ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಬಾಯಿ ಬಿಡ್ಬೇಡಿ. ನಾನು ಕೇಳಿದ್ರೆ ಮಾತ್ರ."

"ಆಯ್ತು," ಎಂದಳು ಕಿವಿಯಕ್ಕ.

"ಆಣೆ?"

"ಆಣೆ ಕಣೇ, ಬೆಂಕಿಪೊಟ್ಟಣ."

*

ಪ್ರಯೋಗಾಲಯದಲ್ಲಿ ಉದ್ದನೆಯ ಮೇಜಿನ ಆ ಕಡೆ ಮೂವರು ಕುಳಿತಿದ್ದರು: ಹೆಡ್‌ಮೇಡಂ, ವಿಜ್ಞಾನದ ಮೇಷ್ಟ್ರು, ಮತ್ತು ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದ ಬೆಂಬಲ ಕೊಠಡಿಯ ಮೇಡಂ. ಈ ಕಡೆ ಪೊಟ್ಟಣ ನಿಂತಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ಕಿವಿಯಕ್ಕ, ಎರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕುಳಿತಿದ್ದಳು.

ಪೊಟ್ಟಣ ಹಳೆಯ ಹೊದಿಕೆಯಿಂದ ಕತ್ತರಿಸಿದ ಎರಡು ತುಂಡುಗಳನ್ನು ಒದ್ದೆ ಮಾಡಿ ಹಿಂಡಿ ತಂದಿದ್ದಳು. ಒಂದನ್ನು ಮುಚ್ಚಳವಿರುವ ಗಾಜಿನ ಪೆಟ್ಟಿಗೆಯೊಳಗೆ, ಉರಿಯುವ ಬಲ್ಬಿನ ಪಕ್ಕ ನೇತುಹಾಕಿದಳು. ಇನ್ನೊಂದನ್ನು ಮೇಜಿನ ಫ್ಯಾನಿನ ಎದುರು. ಎರಡು ಬಟ್ಟೆ ಕಿವಿಯಕ್ಕ ತಂದ ಮಾತಾಗಿತ್ತು, ಪೆಟ್ಟಿಗೆಗೆ ಮುಚ್ಚಳ ಹಾಕುವುದು ಪೊಟ್ಟಣನ ಸ್ವಂತದ್ದು. ಮೊದಲೇ ಶುರು ಮಾಡಿಟ್ಟಿದ್ದರಿಂದ ಇಷ್ಟು ಹೊತ್ತಿಗೆ ಫ್ಯಾನಿನ ಮುಂದಿನ ತುಂಡು ಗರಿಗರಿಯಾಗಿ ಹಾರಾಡುತ್ತಿತ್ತು. ಪೆಟ್ಟಿಗೆಯ ಗಾಜಿನ ಒಳಗೋಡೆಯಲ್ಲಿ ನೀರು ಹನಿಗಟ್ಟಿ ಇಳಿಯುತ್ತಿತ್ತು.

"ಹೇಳಮ್ಮ," ಎಂದರು ಹೆಡ್‌ಮೇಡಂ, ಕಿವಿಯಕ್ಕನನ್ನು ನೋಡುತ್ತಾ.

"ದಿಸ್ ಒನ್, ಹಾಟ್," ಎಂದಳು ಪೊಟ್ಟಣ. "ದಿಸ್ ಒನ್, ನೋ ಹಾಟ್. ಓನ್ಲಿ ಏರ್."

ಮೇಷ್ಟ್ರು ತಲೆಯೆತ್ತಿದರು. ಈ ದನಿಯನ್ನು ಅವರು ಕೇಳುತ್ತಿದ್ದದ್ದು ಅದೇ ಮೊದಲು.

"ಹಾಟ್ ಒನ್, ಸ್ಟಿಲ್ ವೆಟ್. ಟಚ್." ಪೆಟ್ಟಿಗೆಯಿಂದ ತುಂಡನ್ನು ತೆಗೆದು ಹೆಡ್‌ಮೇಡಂ ಕೈಗೇ ಕೊಟ್ಟಳು. ಹೆಡ್‌ಮೇಡಂ ಮುಟ್ಟಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. "ಏರ್ ಒನ್, ಡ್ರೈ. ವೈ?"

ಯಾಕೆಂದು ಹೇಳಬೇಕಿತ್ತು. ಅವಳು ಗಾಜಿನ ಹನಿಗಳ ಮೇಲೆ ಬೆರಳಿಟ್ಟಳು. ಬಾಯಿ ತೆರೆದಳು. ನಿಂತಳು.

ಫ್ಯಾನ್ ತಿರುಗುತ್ತಿತ್ತು. ಪದ ಹುಡುಗಿಯ ತಲೆಯೊಳಗೆ ಎಲ್ಲೋ ದಾರಿಯಲ್ಲಿತ್ತು. ಅದು ಮೆಟ್ಟಿಲು ಹತ್ತಿ ಬರುತ್ತಿರುವುದು ಅವಳ ಹುಬ್ಬಿನಲ್ಲಿ ಕಾಣುತ್ತಿತ್ತು. ಮೇಷ್ಟ್ರು ಪೆನ್ನು ಹಿಡಿದು ಕಾದರು. ಹೆಡ್‌ಮೇಡಂ ಗಡಿಯಾರ ನೋಡಿದರು. ಕಿವಿಯಕ್ಕ ತೊಡೆಯ ಕೆಳಗಿನ ಬೆರಳುಗಳನ್ನು ಹಿಸುಕಿಕೊಂಡಳು. ನಾಲಿಗೆಯನ್ನು ಅಂಗುಳಕ್ಕೆ ಒತ್ತಿಟ್ಟಳು. ಇನ್ನು ಸ್ವಲ್ಪ. ಹುಡುಗಿ ನಿಂತುಕೊಳ್ಳುತ್ತೇನೆ ಅಂದಿದ್ದಾಳೆ, ನಿಂತಿದ್ದಾಳೆ, ಆಮೇಲೆ ಹೇಳುತ್ತಾಳೆ. ಹೆಡ್‌ಮೇಡಂ ಮೇಷ್ಟ್ರ ಕಡೆ ಬಾಗಿ ಏನೋ ಪಿಸುಗುಟ್ಟಿದರು. ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಲು ಕೈ ಎತ್ತಿದರು.

"ದಿ ಏರ್ ಇನ್‌ಸೈಡ್ ಈಸ್…" ಎಂದಳು ಪೊಟ್ಟಣ.

"ತೇವದಿಂದ ತುಂಬಿಹೋಗಿದೆ," ಎಂದು ಕಿವಿಯಕ್ಕನ ಬಾಯಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟಿತು.

ಒಂದು ಪದಕ್ಕೆ ನಿಂತಿದ್ದರೆ ಆಗುತ್ತಿತ್ತೇನೋ. ಆದರೆ ಕಟ್ಟೆ ಒಡೆದ ಮೇಲೆ ನೀರಿಗೆ ಲೆಕ್ಕವೆಲ್ಲಿ? ಅವಳು ಎದ್ದು ನಿಂತಿದ್ದಳು, ಕೈಗಳು ಹೊರಗೆ ಬಂದಿದ್ದವು. ಮುಚ್ಚಿದ ಪೆಟ್ಟಿಗೆ, ಹೀರಲಾರದ ಗಾಳಿ, ಸರಿದು ಹೋಗುವ ತೇವ, ತಾಯಿಯ ಕಾರ್ಖಾನೆ, ಆ ಕಾರ್ಖಾನೆಯಲ್ಲಿ ಈ ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಒಣಗುವ ಹೊದಿಕೆಗಳು. ಮಡಿಸಿಟ್ಟ ಹಾಳೆಯ ಮಾತುಗಳೆಲ್ಲ ಒಂದರ ಬೆನ್ನಿಗೊಂದು ಬಂದವು. ಮೇಷ್ಟ್ರ ಮುಖ ಅರಳಿತು. ಹೆಡ್‌ಮೇಡಂ ಮುಂದಕ್ಕೆ ಬಾಗಿ ಅವಳನ್ನೇ ಪ್ರಶ್ನೆ ಕೇಳಿದರು, ಅವಳು ಉತ್ತರಿಸಿದಳು. ಇನ್ನೊಂದು ಕೇಳಿದರು, ಅದಕ್ಕೂ ಉತ್ತರಿಸಿದಳು. ಬೆಂಬಲ ಕೊಠಡಿಯ ಮೇಡಂ ಮಾತ್ರ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದರು.

ಅವಳಿಗೆ ಉಸಿರು ತಿರುಗಿದಾಗ ಪಕ್ಕಕ್ಕೆ ನೋಡಿದಳು. ಪೊಟ್ಟಣ ಒಣಗಿದ ತುಂಡನ್ನು ಫ್ಯಾನಿನ ಮುಂದಿನಿಂದ ಬಿಚ್ಚಿ ಮಡಿಸುತ್ತಿದ್ದಳು.

ಮೂವರೂ ತಲೆ ಕೂಡಿಸಿ ಗುಸುಗುಸು ಮಾತಾಡಿದರು. ಬೆಂಬಲ ಕೊಠಡಿಯ ಮೇಡಂ ಏನೋ ಬೇಡವೆಂಬಂತೆ ತಲೆಯಾಡಿಸಿದರು, ಉಳಿದಿಬ್ಬರು ಒಪ್ಪಲಿಲ್ಲ. ಕೊನೆಗೆ ಹೆಡ್‌ಮೇಡಂ ನೆಟ್ಟಗೆ ಕುಳಿತು ಕಿವಿಯಕ್ಕನಿಗೆ ಹೇಳಿದರು: "ಜಾಗ ಕೊಡುತ್ತೇವೆ. ಪ್ರಯೋಗ ಚೆನ್ನಾಗಿದೆ, ವಿವರಣೆಯಂತೂ ಬಹಳ ಚೆನ್ನಾಗಿದೆ. ಆದರೆ ಒಂದು ಷರತ್ತು. ನೀವು ಪೂರ್ತಿ ದಿನ ಅವಳ ಪಕ್ಕದಲ್ಲೇ ಇರಬೇಕು. ನಿಮ್ಮಿಬ್ಬರದು ಒಳ್ಳೆಯ ಜೋಡಿ. ಅವಳಿಗೆ ಹೇಳಿ."

ಪೂರ್ತಿ ದಿನ. ಪ್ರಯೋಗಾಲಯ. ಗಾಜಿನ ಈ ಕಡೆ. ಕಿವಿಯಕ್ಕ ಹುಡುಗಿಯ ಕಡೆ ಬಾಗಿದಳು. "ಸಿಕ್ತು ಕಣೇ! ಜಾಗ ಕೊಡ್ತಾರಂತೆ. ನಾನು ಪೂರ್ತಿ ದಿನ—"

"ಕೇಳಿಸ್ತು."

"ಮತ್ತೆ? ಥ್ಯಾಂಕ್ಸ್ ಹೇಳು."

"ಆಣೆ ಮಾಡಿದ್ರಿ," ಎಂದಳು ಪೊಟ್ಟಣ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ತಪ್ಪಾಯ್ತು. ಅವರು ಪೆನ್ನು ಮುಚ್ತಿದ್ರು ಕಣೇ, ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ. ಈಗ ಜಾಗ ಸಿಕ್ತಲ್ಲ! ನಿಂಗೆ ಬೇಕು ಅಂದಿದ್ದಲ್ವಾ?"

"ಬೇಕು. ನೀವು ಪಕ್ಕದಲ್ಲಿ ಕೂರೋದಾದ್ರೆ ಬೇಡ. ಹಾಗಂತ ಹೇಳಿ ಅವ್ರಿಗೆ. ಅಷ್ಟೇ ಹೇಳಿ."

"ಏನಂತಾಳೆ?" ಎಂದರು ಹೆಡ್‌ಮೇಡಂ ನಗುತ್ತಾ. "ಬಹಳ ಖುಷಿಯಾಗಿದೆಯೇ?"

ಬಹಳ ಖುಷಿಯಾಗಿದೆ, ಮಾತೇ ಹೊರಡುತ್ತಿಲ್ಲ ಎನ್ನುತ್ತಾಳೆ. ಆ ವಾಕ್ಯ ನಾಲಿಗೆಯ ತುದಿಯಲ್ಲಿ ಬಂದು ಕುಳಿತಿತ್ತು. ಅಚ್ಚುಕಟ್ಟಾದ ವಾಕ್ಯ. ತಾಯಿ ಬಾಗಿಲಲ್ಲಿ ನಿಂತು ಆಗ್ಲಿ ಎಂದಿದ್ದಳು. ಸೋಮವಾರದೊಳಗೆ ಹುಡುಗಿಯ ಸಿಟ್ಟು ಇಳಿಯುತ್ತದೆ, ಪ್ರಯೋಗಾಲಯ ಕಂಡರೆ ಎಲ್ಲ ಮರೆಯುತ್ತಾಳೆ, ಮಕ್ಕಳು ಮಕ್ಕಳೇ. ಆದರೆ ಪೊಟ್ಟಣ ಪಕ್ಕದಲ್ಲೇ ನಿಂತು ಅವಳ ತುಟಿಗಳನ್ನು ನೋಡುತ್ತಿದ್ದಳು. ಒಂದೂವರೆ ವರ್ಷ ಹೀಗೆಯೇ ನೋಡಿದ್ದಾಳೆ ಎಂದು ಕಿವಿಯಕ್ಕನಿಗೆ ಆಗ ಹೊಳೆಯಿತು.

"ಈ ತರಗತಿ ಅವಳಿಗೆ ಬೇಕಂತೆ," ಎಂದಳು ಕಿವಿಯಕ್ಕ. ಇಂಗ್ಲಿಷಿನಲ್ಲಿ, ಒಂದೊಂದೇ ಪದವಾಗಿ. "ನಾನು ಪಕ್ಕದಲ್ಲಿ ಕೂರುವುದಾದರೆ ಬೇಡವಂತೆ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಬೆಂಬಲ ಕೊಠಡಿಯ ಮೇಡಂ ಮೇಜಿನಿಂದ ತಲೆಯೆತ್ತಿ ಮೊದಲು ಕಿವಿಯಕ್ಕನನ್ನು, ಆಮೇಲೆ ಹುಡುಗಿಯನ್ನು ನೋಡಿದರು.

ಹೆಡ್‌ಮೇಡಂ ನಗು ಮಾಸದಂತೆ ಹಿಡಿದುಕೊಂಡರು. ಸಹಾಯಕಿ ಇಲ್ಲದೆ ಜಾಗ ಕೊಡುವುದು ಕಷ್ಟವೆಂದರು. ಹುಡುಗಿಗೆ ಭಯವಾಗಿರಬೇಕು, ಸಹಜ, ಎಂದರು. ಬೇಕಾದರೆ ಮೊದಲ ತಿಂಗಳು ಮಾತ್ರ ಇರಲಿ. ಅದೂ ಬೇಡವೇ, ಒಂದು ವಾರ. ಹೋಗಲಿ, ಶುರುವಿಗೆ ಒಂದೇ ಒಂದು ದಿನ ಸಹಾಯಕಿ ಪಕ್ಕದಲ್ಲಿ ಕೂರಲಿ, ಆಮೇಲೆ ನೋಡೋಣ. ಹೇಳಿ ಅವಳಿಗೆ.

ಕಿವಿಯಕ್ಕ ಬಾಯಿ ತೆರೆಯಲಿಲ್ಲ. ಪೊಟ್ಟಣ ಮಡಿಸಿದ ಬಟ್ಟೆಯನ್ನು ಮೇಜಿನ ಮೇಲಿಟ್ಟು ಹೆಡ್‌ಮೇಡಂ ಕಡೆ ತಿರುಗಿದಳು.

"ನೋ ಮಿಸ್," ಎಂದಳು. "ಒನ್ ಡೇ ಆಲ್ಸೋ ನೋ."